ಊರಾಚೆ ಅಲೆಮಾರಿಗಳು ಬಿಡಾರ ಹೂಡಿದಾಗ ಏನು ಮಾಡಬೇಕು?

ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ನಮ್ಮ ಕಡೆ ಊರುಗಳಲ್ಲಿ ಇದು ಹೆಚ್ಚುಕಮ್ಮಿ ಪ್ರತಿ ವರ್ಷ ಆಗುತ್ತದೆ. ಒಂದು ಬೆಳಗ್ಗೆ ಕೆರೆ ಅಂಗಳದಲ್ಲೋ ಸಂತೆ ಮಾಳದಲ್ಲೋ ನಾಲ್ಕೈದು ಗುಡಾರ ಎದ್ದಿರುತ್ತವೆ. ನೀಲಿ ತಾಡಪಾಲು, ಮೂರು ಕಲ್ಲಿನ ಒಲೆ, ಎರಡು ಹಳೇ ಬೈಕು, ಚಡ್ಡಿ ಮೇಲೆ ಓಡಾಡುವ ಮಕ್ಕಳು, ಒಂದೆರಡು ನಾಯಿ. ಆ ದಾರಿಯಲ್ಲಿ ಹೊಲಕ್ಕೆ ಹೋಗುವ ಯಾರೋ ಒಬ್ಬರು ದೂರದಿಂದಲೇ ಫೋಟೊ ಹೊಡೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ: "ಯಾರೋ ಹೊಸಬರು ಬಂದಾರ, ಹುಷಾರಿರಿ." ಮಧ್ಯಾಹ್ನದ ಹೊತ್ತಿಗೆ ಅದು "ಕಳ್ಳರು ಬಂದಾರಂತೆ" ಆಗಿರುತ್ತದೆ. ಸಂಜೆಗೆ "ಮಕ್ಕಳ ಕಳ್ಳರು".

ಆ ಬೆಳಗ್ಗೆಯಿಂದ ಮುಂದಿನ ಎರಡು ಮೂರು ದಿನ ಏನು ಮಾಡಬೇಕು, ಏನು ಮಾಡಬಾರದು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಊರಿನ ಹುಡುಗರು, ಪಂಚಾಯಿತಿ ಸದಸ್ಯರು, ಮೇಷ್ಟ್ರು, ಅಂಗನವಾಡಿ ಟೀಚರ್, ಯಾರು ಓದಿದರೂ ಸರಿ. ಊರಲ್ಲಿ ಒಬ್ಬರಿಗೆ ಇದು ಮೊದಲೇ ಗೊತ್ತಿದ್ದರೂ ಸಾಕು, ದೊಡ್ಡ ಅನಾಹುತ ತಪ್ಪುತ್ತದೆ.

ಮೊದಲು ನಮ್ಮ ತಲೆಯಲ್ಲಿ ಏನಾಗುತ್ತಿದೆ ಅಂತ ನೋಡಿಕೊಳ್ಳಿ

ಹೊಸ ಗುಂಪು ಕಂಡಾಗ ಎದೆಯಲ್ಲಿ ಸಣ್ಣ ಅಳುಕು ಬರುವುದು ತಪ್ಪಲ್ಲ. ಎಲ್ಲರಿಗೂ ಬರುತ್ತದೆ. ಆದರೆ ಆ ಅಳುಕು ಎಷ್ಟು ಸಣ್ಣ ಕಾರಣಕ್ಕೆ ಹುಟ್ಟುತ್ತದೆ ಅಂತ ಗೊತ್ತಿರಬೇಕು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದ ಮನಃಶಾಸ್ತ್ರಜ್ಞ ಹೆನ್ರಿ ತಾಜ್‌ಫೆಲ್ 1970ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಶಾಲೆ ಹುಡುಗರನ್ನು ಎರಡು ಗುಂಪು ಮಾಡಿದರು. ಇಬ್ಬರು ಚಿತ್ರಕಾರರಲ್ಲಿ ಯಾರ ಚಿತ್ರ ನಿನಗೆ ಇಷ್ಟ ಅನ್ನೋದಷ್ಟೇ ನೆಪ. ತನ್ನ ಗುಂಪಿನಲ್ಲಿ ಬೇರೆ ಯಾರಿದ್ದಾರೆ ಅಂತಲೂ ಹುಡುಗರಿಗೆ ಹೇಳಿರಲಿಲ್ಲ. ಆಮೇಲೆ ಒಂದಿಷ್ಟು ದುಡ್ಡು ಹಂಚಿ ಅಂದಾಗ, ಹೆಸರೂ ಮುಖವೂ ಗೊತ್ತಿಲ್ಲದ ತಮ್ಮ ಗುಂಪಿನವರಿಗೇ ಜಾಸ್ತಿ ಕೊಟ್ಟರು. ಜಗಳ ಇಲ್ಲ, ಹಳೇ ದ್ವೇಷ ಇಲ್ಲ, ಸುಮ್ನೆ "ನಮ್ಮವರು, ಅವರು" ಅಂತ ಗೆರೆ ಎಳೆದದ್ದಕ್ಕೇ ಇಷ್ಟು.

ಇನ್ನೊಂದು ಪ್ರಯೋಗ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. 1976ರಲ್ಲಿ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ ಅನ್ನುವವರು ಎರಡು ಕಾಲ್ಪನಿಕ ಗುಂಪುಗಳ ಬಗ್ಗೆ ಜನರಿಗೆ ವಾಕ್ಯಗಳನ್ನು ಓದಿಸಿದರು. ದೊಡ್ಡ ಗುಂಪಿನ ಬಗ್ಗೆ 26 ವಾಕ್ಯ, ಅದರಲ್ಲಿ 18 ಒಳ್ಳೆಯದು, 8 ಕೆಟ್ಟದ್ದು. ಸಣ್ಣ ಗುಂಪಿನ ಬಗ್ಗೆ 13 ವಾಕ್ಯ, 9 ಒಳ್ಳೆಯದು, 4 ಕೆಟ್ಟದ್ದು. ಲೆಕ್ಕ ಹಾಕಿ ನೋಡಿ, ಪ್ರಮಾಣ ಎರಡರಲ್ಲೂ ಒಂದೇ. ಆದರೂ ಓದಿದವರ ನೆನಪಿನಲ್ಲಿ ಸಣ್ಣ ಗುಂಪೇ ಕೆಟ್ಟದಾಗಿ ಉಳಿಯಿತು. ಅಪರೂಪದ ಜನ, ಅಪರೂಪದ ಕೆಟ್ಟ ಕೆಲಸ, ಇವೆರಡೂ ಒಟ್ಟಿಗೆ ಬಂದಾಗ ತಲೆ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಈಗ ಇದನ್ನು ಊರಿಗೆ ತನ್ನಿ. ವರ್ಷವಿಡೀ ಊರಲ್ಲಿ ಪಂಪ್‌ಸೆಟ್ ಕೇಬಲ್ಲು, ಕೋಳಿ, ಸೈಕಲ್ಲು ಕಳುವಾಗುತ್ತಲೇ ಇರುತ್ತವೆ. ಊರಿನವನೇ ಸಿಕ್ಕಿಬಿದ್ದರೆ ಅವನ ಹೆಸರಿಗೆ ಹೋಗುತ್ತದೆ: "ಅವನು ಮೊದಲಿಂದಲೂ ಹಂಗೇ." ಅದೇ ಗುಡಾರದವರಲ್ಲಿ ಒಬ್ಬ ಎಂದೋ ಒಂದು ಕೋಳಿ ಹಿಡಿದಿದ್ದರೆ ಮೂವತ್ತು ವರ್ಷ ಬಿಟ್ಟು ಬಂದ ಬೇರೆ ಕುಲದ, ಬೇರೆ ಜಿಲ್ಲೆಯ ಗುಡಾರದವರಿಗೂ ಆ ಹೆಸರು ಅಂಟಿರುತ್ತದೆ. ಅದಕ್ಕೇ ಬಾಯಿಂದ ಮಾತು ಹೊರಡುವ ಮುಂಚೆ ಒಂದು ಕೆಲಸ ಮಾಡಿ. "ಅವರೆಲ್ಲ ಕಳ್ಳರು" ಅನ್ನುವ ಜಾಗದಲ್ಲಿ ನಿಮ್ಮದೇ ಓಣಿಯ ಹೆಸರು ಹಾಕಿ ನೋಡಿ. "ಮ್ಯಾಗಿನ ಓಣಿಯವರೆಲ್ಲ ಕಳ್ಳರು." ಹೇಳಲು ಬಾಯಿ ಬರುತ್ತಾ? ಬರಲ್ಲ, ಯಾಕಂದರೆ ಆ ಓಣಿಯಲ್ಲಿ ನಿಮಗೆ ಹತ್ತು ಮುಖ ಗೊತ್ತು. ಗುಡಾರದಲ್ಲಿ ಒಂದೂ ಗೊತ್ತಿಲ್ಲ. ವ್ಯತ್ಯಾಸ ಇರುವುದು ಅಲ್ಲೇ, ಹಾಗಾಗಿ ಮಾಡಬೇಕಾದ ಕೆಲಸವೂ ಅಲ್ಲೇ ಇದೆ.

ಈ ಹೆಸರು ಅಂಟಿಸಿದ್ದರಲ್ಲಿ ಸರ್ಕಾರದ ಪಾಲು ದೊಡ್ಡದು ಅನ್ನೋದನ್ನೂ ತಿಳಿದಿರಿ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಇಡೀ ಕುಲವನ್ನೇ ಹುಟ್ಟಿನಿಂದ ಕಳ್ಳರು ಅಂತ ಬರೆದಿಟ್ಟುಕೊಳ್ಳುವ ಕಾಯ್ದೆ ಅದು. ಹುಬ್ಬಳ್ಳಿ, ಗದಗ, ವಿಜಯಪುರದಲ್ಲಿ ತಂತಿ ಬೇಲಿ ಹಾಕಿ ಅವರನ್ನು ಕೂಡಿಟ್ಟಿದ್ದರು, ಹಾಜರಿ ಕೂಗುತ್ತಿದ್ದರು. ಆ ಜಾಗಗಳನ್ನು ಜನ ಈಗಲೂ ಸೆಟ್ಲಮೆಂಟ್ ಅಂತಲೇ ಕರೆಯುತ್ತಾರೆ. ಕಾಯ್ದೆ ರದ್ದಾಗಿದ್ದು ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮೇಲೆ, 1952ರ ಆಗಸ್ಟ್ 31ಕ್ಕೆ. ಕಾಗದದಿಂದ ಹೋಯಿತು, ಬಾಯಿಂದ ಹೋಗಲಿಲ್ಲ. ಮಗು ಊಟ ಮಾಡದಿದ್ದರೆ "ಬುಡಬುಡಿಕೆಯವನಿಗೆ ಕೊಟ್ಟುಬಿಡ್ತೀನಿ ನೋಡು" ಅಂತ ಹೆದರಿಸುತ್ತೇವಲ್ಲ, ಅದನ್ನು ಇವತ್ತೇ ನಿಲ್ಲಿಸಿ. ಮಕ್ಕಳ ಕಳ್ಳ ಅಂದರೆ ಜೋಳಿಗೆ ಹಾಕಿಕೊಂಡವನು ಅನ್ನುವ ಚಿತ್ರ ನಾವೇ ತುತ್ತಿನ ಜೊತೆ ಇಟ್ಟದ್ದು.

ಮೊದಲ ದಿನವೇ ಹೋಗಿ ಮಾತಾಡಿಸಿ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ. ಫೋಟೊ ತೆಗೆಯೋದಕ್ಕೆ ಮುಂಚೆ ಹೋಗಿ ಮಾತಾಡಿಸಿ.

ಯಾರು ಹೋಗಬೇಕು, ಹೇಗೆ ಹೋಗಬೇಕು ಅನ್ನೋದು ಮುಖ್ಯ. ಇಬ್ಬರು ಅಥವಾ ಮೂವರು ಸಾಕು. ಅದರಲ್ಲಿ ಒಬ್ಬ ಹೆಂಗಸು ಇರಲೇಬೇಕು, ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಟೀಚರ್ ಆದರೆ ಇನ್ನೂ ಒಳ್ಳೆಯದು, ಯಾಕಂದರೆ ಗುಡಾರದಲ್ಲಿ ಹಗಲು ಹೊತ್ತು ಉಳಿಯುವವರು ಹೆಂಗಸರು, ಮುದುಕರು, ಮಕ್ಕಳು. ಬೆಳಕಿರುವಾಗ ಹೋಗಿ. ಗಂಡಸರು ಊರೂರು ತಿರುಗಿ ವಾಪಸ್ ಬರುವ ಸಂಜೆ ನಾಲ್ಕೈದು ಗಂಟೆ ಸರಿಯಾದ ಹೊತ್ತು. ರಾತ್ರಿ ಹೊತ್ತು ಆರೇಳು ಹುಡುಗರು ಬೈಕಿನ ಲೈಟ್ ಬಿಟ್ಟುಕೊಂಡು ಹೋಗಿ ನಿಂತರೆ ನೀವು ಏನು ಕೇಳಿದರೂ ಅದು ಬೆದರಿಕೆಯೇ. ಅವರ ಕಣ್ಣಿಗೆ ಪರಿಚಯವಿಲ್ಲದ ಗುಂಪು ಅಂದರೆ ನೀವು. ಹಿಂದಿನ ಊರಿನಲ್ಲಿ ಯಾರೋ ಗುಡಾರದ ಗೂಟ ಕಿತ್ತೆಸೆದು ಓಡಿಸಿರಬಹುದು. ಆ ಅನುಭವ ಅವರ ಬೆನ್ನಿಗಿದೆ.

ಮಾತು ಶುರು ಮಾಡೋದು ಊರಿನ ರೀತಿಯಲ್ಲೇ. "ಯಾವೂರಾತ್ರೀ ಯಜಮಾನ್ರ? ಊಟ ಆತೇನು?" ಇಷ್ಟೇ. ಹಿರಿಯರಿದ್ದರೆ ಅಜ್ಜ, ಹೆಂಗಸರಿಗೆ ಅಕ್ಕ, ಅವ್ವ. ಏಕವಚನ ಬೇಡ. ಅಲೆಮಾರಿಗಳನ್ನು ಚಿಕ್ಕ ಹುಡುಗರೂ "ಏ, ಬಾರೋ ಇಲ್ಲಿ" ಅನ್ನೋದು ನಮ್ಮಲ್ಲಿ ಸಾಮಾನ್ಯ ಆಗಿಹೋಗಿದೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಮೊದಲು ನೀವು ಯಾರು ಅಂತ ಹೇಳಿ: ಇಂಥವರ ಮಗ, ಇಂಥ ಕೆಲಸ. ಕುಡಿಯುವ ನೀರಿನ ನಲ್ಲಿ ಎಲ್ಲಿದೆ, ಯಾವ ಬೋರಿನ ನೀರು ಉಪ್ಪು, ಮೇಲೆ ಹೈಟೆನ್ಷನ್ ತಂತಿ ಇದ್ದರೆ ಗುಡಾರ ಎಲ್ಲಿಗೆ ಸರಿಸಿದರೆ ಒಳ್ಳೆಯದು, ದವಾಖಾನೆ ಎಲ್ಲಿ, ಇದನ್ನೆಲ್ಲ ತಿಳಿಸಿ. ಆಮೇಲೆ ಕೇಳಿ. ಯಾವ ಕೆಲಸ ಮಾಡುತ್ತೀರಿ, ಎಷ್ಟು ದಿನ ಇರುತ್ತೀರಿ, ಯಾರಿಗಾದರೂ ಜ್ವರ ಇದೆಯಾ, ಬಸುರಿ ಬಾಣಂತಿ ಇದ್ದಾರಾ. ಒಬ್ಬರ ಫೋನ್ ನಂಬರ್ ತೆಗೆದುಕೊಂಡು ನಿಮ್ಮದನ್ನು ಕೊಡಿ.

ಆಧಾರ್ ತೋರಿಸಿ ಅನ್ನಬೇಡಿ. ನೀವು ಪೊಲೀಸರಲ್ಲ. ವಿಡಿಯೊ ಮಾಡಬೇಡಿ.

ಉತ್ತರ ಚುಟುಕಾಗಿ ಬಂದರೆ, ಕಣ್ಣು ತಪ್ಪಿಸಿದರೆ, ಅದನ್ನು ತಪ್ಪಿತಸ್ಥರ ಲಕ್ಷಣ ಅಂದುಕೊಳ್ಳಬೇಡಿ. ಅವರವರಲ್ಲಿ ಬೇರೆ ಭಾಷೆ ಮಾತಾಡಿಕೊಂಡರೂ ಅಷ್ಟೇ. ಹಕ್ಕಿಪಿಕ್ಕಿಗಳ ಮನೆಮಾತು ವಾಗ್ರಿ, ಬುಡ್ಗ ಜಂಗಮರದ್ದು ತೆಲುಗು, ಶಿಳ್ಳೇಕ್ಯಾತರದ್ದು ಮರಾಠಿ ಬೆರೆತ ಮಾತು. ನಮ್ಮ ಮುಂದೆ ಗುಟ್ಟು ಮಾಡುತ್ತಿದ್ದಾರೆ ಅಂತಲ್ಲ, ಅದು ಅವರ ಮನೆಯ ಮಾತು.

ಹತ್ತು ನಿಮಿಷ ಕೂತರೆ ಗುಂಪು ಒಡೆದು ಮನುಷ್ಯರು ಕಾಣಲು ಶುರುವಾಗುತ್ತಾರೆ. ಒಬ್ಬರು ಹೆಳವರು ಅಂತ ಗೊತ್ತಾದರೆ ಬಿಡಬೇಡಿ, ಮನೆಗೆ ಕರೆಯಿರಿ. ಅವರು ಊರೂರಿನ ಮನೆತನಗಳ ವಂಶಾವಳಿ ಇಟ್ಟುಕೊಂಡವರು. ಮೊದಲೆಲ್ಲ ಎತ್ತಿನ ಮೇಲೆ ಗಂಟೆ ಬಾರಿಸುತ್ತಾ ಬರುತ್ತಿದ್ದರು, ಈಗ ಎಷ್ಟೋ ಮಂದಿ ಬೈಕಿನಲ್ಲಿ ಬರುತ್ತಾರೆ. ಕಟ್ಟೆಯ ಮೇಲೆ ಕೂತು ಹಳೇ ಪುಸ್ತಕ ಬಿಚ್ಚಿ, ನಿಮ್ಮ ಮುತ್ತಜ್ಜನ ಅಪ್ಪ ಯಾವ ಊರಿಂದ ಯಾಕೆ ಬಿಟ್ಟು ಬಂದ, ಅವನಿಗೆ ಎಷ್ಟು ಮಕ್ಕಳು, ಯಾವ ಮನೆ ಹೆಣ್ಣು ತಂದರು ಅಂತ ರಾಗವಾಗಿ ಹೇಳುತ್ತಾ ಹೋಗುತ್ತಾರೆ. ಹೇಳಿ ಮುಗಿಸಿ, ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರು ಕೇಳಿ ಅದೇ ಪುಟದಲ್ಲಿ ಬರೆದುಕೊಳ್ಳುತ್ತಾರೆ. ಊರಿನವರು "ಯಾರೋ ಹೊಸಬರು" ಅಂದವರ ಹತ್ತಿರ ಊರಿನವರ ಏಳು ತಲೆಮಾರು ಬರೆದಿಟ್ಟಿರುತ್ತದೆ.

ಇನ್ನೊಂದು ಗುಡಾರದಲ್ಲಿ ತೊಗಲುಗೊಂಬೆ ಇದ್ದಾವು. ನಮ್ಮ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಇದೇ ವಿದ್ಯೆಗೆ. ಬುರ್ರಕಥಾ ಈರಮ್ಮ ಅಂತ ನಾಡೆಲ್ಲ ಕರೆದ ದರೋಜಿ ಈರಮ್ಮ ಬುಡ್ಗ ಜಂಗಮರ ಹೆಣ್ಣುಮಗಳು, ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ನಾಡೋಜ ಪಡೆದವರು. ಪ್ರಶಸ್ತಿ ಬಂದವರ ಜೊತೆ ಸೆಲ್ಫಿ ತೆಗೆಸಿಕೊಳ್ಳುತ್ತೇವೆ. ಅದೇ ಕುಲದ ಇನ್ನೊಬ್ಬರು ಕೆರೆ ಅಂಗಳದಲ್ಲಿ ಗುಡಾರ ಹಾಕಿದರೆ ಗ್ರೂಪಿನಲ್ಲಿ ಎಚ್ಚರಿಕೆ ಹಾಕುತ್ತೇವೆ. ಇದು ಸರಿಯಲ್ಲ.

ವಾಟ್ಸಾಪ್‌ನಲ್ಲಿ ಸುದ್ದಿ ಬಂದಾಗ

ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಜೀವ ಹೋಗಿದ್ದು ಇಲ್ಲಿಂದಲೇ.

2018ರಲ್ಲಿ ದೇಶದ ತುಂಬ ಒಂದು ವಿಡಿಯೊ ಓಡಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರೇ ಹುಡುಗನನ್ನು ವಾಪಸ್ ತಂದು ಬಿಟ್ಟು ಒಂದು ಬೋರ್ಡ್ ತೋರಿಸುತ್ತಾರೆ. ಆ ಕೊನೆ ಕತ್ತರಿಸಿ, "ನಮ್ಮ ಜಿಲ್ಲೆಗೆ ಮಕ್ಕಳ ಕಳ್ಳರು ನುಗ್ಗಿದ್ದಾರೆ" ಅಂತ ಅವರವರ ಭಾಷೆಯಲ್ಲಿ ಸೇರಿಸಿ ಹರಿಬಿಟ್ಟರು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಜನ ಬಡಿದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಸಂತೆಯ ದಿನ ನಾಥಪಂಥಿ ಡವರಿ ಗೋಸಾವಿ ಕುಲದ ಐದು ಜನ ಅಲೆಮಾರಿಗಳನ್ನು ಊರಿನವರು ಕೊಂದರು. ಭಿಕ್ಷೆ ಬೇಡಿ ಬದುಕುವ ಅವರು ನಮ್ಮ ಗಡಿಗೆ ಹತ್ತಿರದ ಸೊಲ್ಲಾಪುರ ಜಿಲ್ಲೆಯ ಕಡೆಯವರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಹತ್ತಿರದ ಇನ್ನೊಂದು ಊರಿನಲ್ಲಿ ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣ. ಅಲ್ಲಿಂದ ತಪ್ಪಿಸಿಕೊಂಡು ಅವರ ಕಾರು ಹೊರಟರೆ, ಕಾರಿಗಿಂತ ಮೊದಲು ಮೆಸೇಜು ಮುಂದಿನ ಊರಾದ ಮುರ್ಕಿ ಮುಟ್ಟಿತ್ತು. ಅಲ್ಲಿ ಜನ ದಾರಿಗೆ ಅಡ್ಡ ಹಾಕಿ ಕಾದಿದ್ದರು. ಒಬ್ಬ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು.

ವಾಟ್ಸಾಪ್ ಆ ಜುಲೈನಲ್ಲೇ ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸುವ ಹಾಗೆ ಮಾಡಿತು, ಫಾರ್ವರ್ಡ್ ಆದದ್ದು ಅಂತ ಗುರುತೂ ಹಾಕಿತು. 2020ರಲ್ಲಿ ತುಂಬ ಸಲ ಫಾರ್ವರ್ಡ್ ಆದದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಅಂತ ಬಿಗಿ ಮಾಡಿತು. ಒಳ್ಳೆಯದೇ. ಆದರೆ ಊರಿನ ಗ್ರೂಪಿನಲ್ಲಿ ಮುನ್ನೂರು ಜನ ಇದ್ದರೆ ಒಂದೇ ಸಲ ಕಳಿಸಿದರೂ ಸಾಕಲ್ವಾ? ಅದಕ್ಕೇ ತಡೆಯಬೇಕಾದವರು ನಾವೇ.

ಮೆಸೇಜು ಬಂದಾಗ "ಸುಳ್ಳು ಸುದ್ದಿ ಹಬ್ಬಿಸಬೇಡಿ" ಅಂತ ಬೈದರೆ ಹಾಕಿದವನು ಹಟಕ್ಕೆ ಬೀಳುತ್ತಾನೆ. ನಾಲ್ಕು ಪ್ರಶ್ನೆ ಕೇಳಿ: ಯಾವ ಊರು, ಯಾವ ದಿನ, ಯಾರ ಮಗು, ಯಾವ ಠಾಣೆಯಲ್ಲಿ ದೂರು ಆಗಿದೆ? ನಿಜವಾಗಿ ಮಗು ಕಳೆದಿದ್ದರೆ ಈ ನಾಲ್ಕಕ್ಕೂ ಉತ್ತರ ಇರುತ್ತದೆ. ಉತ್ತರ ಬರದಿದ್ದರೆ ಹಾಕಿದವರಿಗೆ ಬೇರೆಯಾಗಿ ಫೋನ್ ಮಾಡಿ "ತಮ್ಮಾ, ಅದನ್ನ ತೆಗೆದುಬಿಡಪ್ಪ, ನಾಳೆ ಏನಾದರೂ ಆದರೆ ನಿನ್ನ ಹೆಸರು ಮೊದಲು ಬರುತ್ತೆ" ಅನ್ನಿ. ಗ್ರೂಪಿನ ಮುಂದೆ ಅವಮಾನ ಆಗದಿದ್ದರೆ ತೆಗೆಯುತ್ತಾರೆ. ಮುರ್ಕಿ ಪ್ರಕರಣದಲ್ಲಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಬಂಧನಕ್ಕೆ ಒಳಗಾದರು, ಇದನ್ನು ನಿಮ್ಮ ಗ್ರೂಪಿನ ಅಡ್ಮಿನ್‌ಗೆ ನೆನಪು ಮಾಡಿ. ನೀವು ಗುಡಾರಕ್ಕೆ ಹೋಗಿ ಬಂದಿದ್ದರೆ ಅದನ್ನೇ ಬರೆಯಿರಿ: "ನಾನು, ಟೀಚರ್ ಇಬ್ಬರೂ ಹೋಗಿ ಮಾತಾಡಿಸಿ ಬಂದೆವು. ಇಂಥ ತಾಲ್ಲೂಕಿನವರು, ಕೂದಲು ತಗೊಂಡು ಪಾತ್ರೆ ಕೊಡುವವರು, ಹತ್ತು ದಿನ ಇರುತ್ತಾರೆ, ಯಜಮಾನರ ನಂಬರ್ ನನ್ನ ಹತ್ತಿರ ಇದೆ." ಕಣ್ಣಾರೆ ನೋಡಿದವರ ಒಂದು ಮಾತಿನ ಮುಂದೆ ಹತ್ತು ಫಾರ್ವರ್ಡ್ ನಿಲ್ಲಲ್ಲ.

ನಿಜವಾಗಿಯೂ ಏನಾದರೂ ಆದರೆ

ಕಳುವಾಗಬಹುದು. ಗುಡಾರದವರಲ್ಲೇ ಒಬ್ಬರು ಮಾಡಿರಲೂಬಹುದು, ಎಲ್ಲ ಜನರಲ್ಲೂ ಇರುವ ಹಾಗೆ. ಆಗ ಠಾಣೆಗೆ ಹೋಗಿ ದೂರು ಕೊಡಿ, ಯಾವ ವಸ್ತು, ಯಾವಾಗ, ಯಾರ ಮೇಲೆ ಯಾಕೆ ಅನುಮಾನ ಅಂತ ಬರೆಸಿ. ಗುಡಾರಕ್ಕೆ ಗುಂಪು ಕಟ್ಟಿಕೊಂಡು ಹೋಗಿ ಗಂಟು ಮೂಟೆ ಬಿಚ್ಚಿಸುವ ಅಧಿಕಾರ ಊರಿನವರಿಗಿಲ್ಲ.

ಭಿಕ್ಷೆ ಬೇಡುವವರ ಕಂಕುಳಲ್ಲಿ ಬೆಳ್ಳಗಿನ ಮಗು ಇದೆ, ತಾಯಿಯ ಹಾಗೆ ಕಾಣಲ್ಲ ಅನ್ನೋದು ಪದೇ ಪದೇ ಕೇಳಿಬರುವ ಅನುಮಾನ. ನಮ್ಮ ಮನೆಗಳಲ್ಲೂ ಅಪ್ಪ ಅಮ್ಮನ ಹಾಗೆ ಕಾಣದ ಮಕ್ಕಳು ಇದ್ದಾರೆ. ಆದರೂ ಮನಸ್ಸಿಗೆ ಸಮಾಧಾನ ಆಗದಿದ್ದರೆ 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ. ವಿಚಾರಿಸಲು ಅವರೇ ಬರುತ್ತಾರೆ. ಮಗುವನ್ನು ನೀವು ಕಿತ್ತುಕೊಳ್ಳಬೇಡಿ.

ಜನ ಸೇರುತ್ತಿದ್ದಾರೆ ಅನ್ನಿಸಿದ ಕೂಡಲೇ ಪೊಲೀಸರಿಗೆ, 112ಕ್ಕೆ ಫೋನ್ ಮಾಡಿ. ಯಾರೋ ಮಾಡಿರುತ್ತಾರೆ ಅಂದುಕೊಳ್ಳಬೇಡಿ, ನೀವೇ ಮಾಡಿ. ಆಮೇಲೆ ಊರಿನಲ್ಲಿ ಮಾತು ನಡೆಯುವ ಹಿರಿಯರನ್ನೂ ಹೆಂಗಸರನ್ನೂ ಕರೆತನ್ನಿ. ಪೊಲೀಸರು ಬರುವವರೆಗೂ ಗುಡಾರದವರನ್ನು ಪಂಚಾಯಿತಿ ಕಟ್ಟಡದಲ್ಲಿ ಕೂಡಿಹಾಕೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ, ಒಪ್ಪಬೇಡಿ. ರೈನ್‌ಪಾಡಾದಲ್ಲಿ ಐವರನ್ನು ಬಡಿದು ಕೊಂದದ್ದು ಪಂಚಾಯಿತಿ ಕಚೇರಿಯ ಕೋಣೆಯೊಳಗೇ. ದಾರಿ ಇದ್ದರೆ ಗಾಡಿ ಹತ್ತಿಸಿ ಠಾಣೆಯ ಕಡೆ ಕಳಿಸಿಬಿಡಿ. ಮುಂದೆ ನಿಂತಿರುವ ಹುಡುಗರ ಹೆಸರು ಹಿಡಿದು ಕೂಗಿ, "ಏ ಮಂಜಾ, ನಿಮ್ಮಪ್ಪ ಎಲ್ಲಿ?" ಅಂತ. ಗುಂಪಿನಲ್ಲಿ ಹೆಸರಿಲ್ಲದೆ ನಿಂತವನಿಗೆ ಹೆಸರು ಕೇಳಿದ ತಕ್ಷಣ ಕೈ ಸ್ವಲ್ಪ ಸಡಿಲ ಆಗುತ್ತದೆ. ಕಾನೂನೂ ಗೊತ್ತಿರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103(2)ರ ಪ್ರಕಾರ ಐದು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ ಜಾತಿ, ಭಾಷೆ, ಹುಟ್ಟಿದ ಜಾಗದಂಥ ಕಾರಣಕ್ಕೆ ಕೊಂದರೆ ಗುಂಪಿನಲ್ಲಿದ್ದ ಪ್ರತಿಯೊಬ್ಬರಿಗೂ ಜೀವಾವಧಿ ಅಥವಾ ಮರಣದಂಡನೆ.

ಇರುವಷ್ಟು ದಿನ

ಭಿಕ್ಷೆ ಹಾಕಿದ ಮಾತ್ರಕ್ಕೆ ಪರಿಚಯ ಆಗಲ್ಲ. ಗಾರ್ಡನ್ ಆಲ್ಪೋರ್ಟ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞ 1954ರಲ್ಲೇ ಹೇಳಿದ್ದರು: ಎರಡು ಗುಂಪು ಬರೀ ಎದುರುಬದುರಾದರೆ ಪೂರ್ವಗ್ರಹ ಹೋಗಲ್ಲ, ಸಮಾನವಾಗಿ ನಿಂತು ಒಂದೇ ಗುರಿಗೆ ಕೂಡಿ ಕೆಲಸ ಮಾಡಬೇಕು, ಅದಕ್ಕೆ ಹಿರಿಯರ, ಅಧಿಕಾರದಲ್ಲಿರುವವರ ಬೆಂಬಲವೂ ಬೇಕು. ಊರಿನಲ್ಲಿ ಇದನ್ನು ಮಾಡೋದು ಕಷ್ಟವೇನಲ್ಲ. ಅವರ ಹುಡುಗರನ್ನು ವಾಲಿಬಾಲ್‌ಗೆ ಕರೆಯಿರಿ, ಎರಡೂ ತಂಡದಲ್ಲಿ ಬೆರೆಸಿ ಆಡಿಸಿ. ಬುರ್ರಕಥೆ, ಗೊಂಬೆಯಾಟ ಬಲ್ಲವರಿದ್ದರೆ ಗುಡಿ ಮುಂದೆ ಆಡಿಸಿ, ಮುಂಚೆಯೇ ಹಣ ಮಾತಾಡಿ ಕೊಡಿ. ಪಂಚಾಯಿತಿ ಅಧ್ಯಕ್ಷರು ಬಂದು ಮುಂದಿನ ಸಾಲಿನಲ್ಲಿ ಕೂತರೆ ಊರಿಗೆ ಅದೇ ಸಂದೇಶ.

ಮಕ್ಕಳನ್ನು ಶಾಲೆಗೆ ಸೇರಿಸಲು ಟಿಸಿ ಇಲ್ಲ, ಹುಟ್ಟಿದ ದಾಖಲೆ ಇಲ್ಲ ಅನ್ನೋದು ಅಡ್ಡಿಯಾಗಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಅವರ ರೇಷನ್ ಕಾರ್ಡ್ ಬೇರೆ ಊರಿನದ್ದಾದರೂ ನಿಮ್ಮ ಊರಿನ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಬಹುದು, ಅಂಗಡಿಯವರು ಇಲ್ಲ ಅಂದರೆ ಜೊತೆಗೆ ಹೋಗಿ ನಿಲ್ಲಿ.

ಪೇಟೆಯಲ್ಲಿ ಇರುವವರಿಗೂ ಇದು ಅನ್ವಯಿಸುತ್ತದೆ. 2012ರ ಆಗಸ್ಟ್‌ನಲ್ಲಿ ಬರೀ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. ಅವರ ಅಕ್ಕಪಕ್ಕದ ಮನೆಯವರ ನಂಬರ್ ಅವರ ಹತ್ತಿರ ಇದ್ದಿದ್ದರೆ ಎಷ್ಟೋ ಜನ ನಿಲ್ಲುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ಪಕ್ಕದ ರೂಮಿಗೆ ಹೊಸ ಭಾಷೆಯ ಹುಡುಗರು ಬಂದರೆ ಮೊದಲ ವಾರವೇ ನಂಬರ್ ಕೊಟ್ಟುಬಿಡಿ.

ಕೊನೆಗೆ, ಅವರು ಗುಡಾರ ಕೀಳುವ ದಿನ ಮಾಡಬೇಕಾದ ಕೆಲಸ ಒಂದಿದೆ. ಮುಂದೆ ಯಾವ ಊರಿಗೆ ಅಂತ ಕೇಳಿ. ಆ ಊರಿನಲ್ಲಿ ನಿಮ್ಮ ಬೀಗರೋ ಗೆಳೆಯರೋ ಯಾರಾದರೂ ಇದ್ದೇ ಇರುತ್ತಾರೆ, ಅವರಿಗೆ ಫೋನ್ ಹಚ್ಚಿ: "ಮಾವಾ, ನಾಳೆ ನಿಮ್ಮೂರಿಗೆ ಐದು ಗುಡಾರದವರು ಬರ್ತಾರ. ನಮ್ಮೂರಾಗ ಹತ್ತು ದಿನ ಇದ್ರು, ಚಲೋ ಮಂದಿ. ಯಜಮಾನ್ರ ನಂಬರ್ ಕಳಿಸ್ತೀನಿ, ನೀರಿನ ಕಡೆ ಒಂದು ಜಾಗ ತೋರಿಸ್ರಿ. ನಿಮ್ಮೂರ ಗ್ರೂಪಿನ್ಯಾಗೂ ಒಂದು ಮಾತು ಹಾಕ್ರಿ." ಅವರು ಹೊರಡುವ ಹಿಂದಿನ ಸಂಜೆಯೇ ಈ ಫೋನ್ ಮಾಡಿ, ಗುಡಾರ ಏಳುವ ಮುಂಚೆ ಆ ಊರಿಗೆ ಗೊತ್ತಿರಬೇಕು.